ಪುಟ್ಟ ಮಕ್ಕಳಿಗೆ ಚಿಟ್ಟೆಯ ಜೀವನ ಚಕ್ರ ತೋರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೂರರಿಂದ ಎಂಟು ವರ್ಷದ ಮಕ್ಕಳ ಜೊತೆ ಕೂತು ಹುಳು ಸಾಕಿ, ಚಿಟ್ಟೆಯಾದ ಮೇಲೆ ಹಾರಿಬಿಡುವುದು ನನಗೆ ತುಂಬಾ ಇಷ್ಟದ ಕೆಲಸ. ಪ್ರತಿ ಸಲವೂ ಮಕ್ಕಳು ಬೇರೆ, ಅವರ ಅಪ್ಪ ಅಮ್ಮಂದಿರು ಬೇರೆ. ಆದರೆ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ದೊಡ್ಡವರು ಕೇಳುವುದನ್ನೂ ಮಕ್ಕಳು ಕೇಳುವುದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಯಾವ ವಯಸ್ಸಿಗೆ ಶುರು ಮಾಡಬಹುದು?

ಮಗು ಇರುವೆ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಲು ಶುರು ಮಾಡಿದರೆ ಅದಕ್ಕೆ ವಯಸ್ಸಾಯಿತು ಅಂತಲೇ ಅರ್ಥ. ಮೂರು ವರ್ಷದ ಮಗುವಿಗೆ "ಈ ಹುಳು ಎಲೆ ತಿಂತಾ ಇದೆ, ದಪ್ಪ ಆಗ್ತಾ ಇದೆ" ಅನ್ನುವಷ್ಟು ಸಾಕು. ಐದಾರು ವರ್ಷಕ್ಕೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತಲೆಗೆ ಹೋಗುತ್ತದೆ. ಏಳೆಂಟು ವರ್ಷದವರು "ಯಾಕೆ" ಅಂತ ಬೆನ್ನು ಹತ್ತುತ್ತಾರೆ. ಒಂದೇ ಹುಳುವನ್ನು ಮೂರೂ ವಯಸ್ಸಿನವರು ಒಟ್ಟಿಗೆ ನೋಡಬಹುದು. ಪ್ರತಿಯೊಬ್ಬರೂ ತಮಗೆ ಬೇಕಾದಷ್ಟನ್ನು ಎತ್ತಿಕೊಳ್ಳುತ್ತಾರೆ.

ಮೊದಲು ನಾಲ್ಕು ಹಂತಗಳ ಹೆಸರು ಕಲಿಸಬೇಕಾ?

ಬೇಡ. ಈ ಒಂದು ವಿಷಯ ನಾನು ಗಟ್ಟಿಯಾಗಿ ಹೇಳುತ್ತೇನೆ. ಮೊಟ್ಟೆ, ಹುಳು, ಕೋಶ, ಚಿಟ್ಟೆ ಅಂತ ಬಾಯಿಪಾಠ ಮಾಡಿಸಿದರೆ ಮಗು ಐದು ನಿಮಿಷದಲ್ಲಿ ಒಪ್ಪಿಸಿಬಿಡುತ್ತದೆ. ಆಮೇಲೆ ಹುಳು ಕಂಡರೂ ಅದಕ್ಕೆ ಕುತೂಹಲ ಇರುವುದಿಲ್ಲ. ಕಥೆಯ ಕೊನೆ ಮೊದಲೇ ಗೊತ್ತಾಗಿಬಿಟ್ಟಿದೆ, ಅಲ್ವಾ?

ಕಚ್ಚಿದ ಎಲೆಯಿಂದ ಶುರು ಮಾಡಿ. ಗಿಡದ ಹತ್ತಿರ ಕರೆದುಕೊಂಡು ಹೋಗಿ, ಅಂಚು ಹರಿದ ಒಂದು ಎಲೆ ತೋರಿಸಿ, "ಇದನ್ನ ಯಾರು ತಿಂದಿರಬಹುದು?" ಅಂತ ಕೇಳಿ. ಅಷ್ಟೇ. ಉತ್ತರ ಹೇಳಬೇಡಿ. ಮಕ್ಕಳು ಮೊದಲು ಹಸು ಅಂತಾರೆ, ಆಮೇಲೆ ಇಲಿ ಅಂತಾರೆ. ಯಾರೋ ಒಬ್ಬರು ಎಲೆ ಮಗುಚಿ ನೋಡುತ್ತಾರೆ. ಹುಳು ಸಿಕ್ಕಾಗ ಅದು ಅವರೇ ಹುಡುಕಿದ ಹುಳು. ಅದನ್ನು ಕಾಯುವ ಜವಾಬ್ದಾರಿಯೂ ಅವರದ್ದೇ ಆಗುತ್ತದೆ. ಹೆಸರುಗಳು ಬೇಕಾದಾಗ ತಾವಾಗಿ ಬರುತ್ತವೆ. ಹುಳು ಒಂದು ದಿನ ಹುಳುವಿನ ಹಾಗೆ ಕಾಣದೇ ಹೋದಾಗ ಮಕ್ಕಳೇ ಕೇಳುತ್ತಾರೆ, "ಈಗ ಇದನ್ನ ಏನಂತ ಕರೀಬೇಕು?" ಕೋಶ ಅನ್ನುವ ಪದ ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ.

ಕಂಬಳಿಹುಳು, ಲಾರ್ವಾ, ಕೋಶ, ಪ್ಯೂಪಾ, ಗೂಡು. ಇದರಲ್ಲಿ ಯಾವ ಪದ ಬಳಸಲಿ?

ಪುಟ್ಟ ಮಕ್ಕಳಿಗೆ ಹುಳು ಸಾಕು. ಕಂಬಳಿಹುಳು ಅನ್ನುವ ಪದ ಚೆನ್ನಾಗಿದೆ, ಆದರೆ ಮೈತುಂಬ ರೋಮ ಇರುವ ಹುಳುವಿಗೇ ಅದು ಸರಿ. ಎಷ್ಟೋ ಚಿಟ್ಟೆಗಳ ಹುಳುವಿಗೆ ಕಂಬಳಿಯೇ ಇರುವುದಿಲ್ಲ, ಮೈ ನುಣ್ಣಗಿರುತ್ತದೆ. ಹಾಗಾಗಿ ನಾನು "ಚಿಟ್ಟೆ ಹುಳು" ಅಂತಲೇ ಹೇಳುತ್ತೇನೆ. ಲಾರ್ವಾ, ಪ್ಯೂಪಾ ಅನ್ನುವುದನ್ನು ಪಾಠದ ಪುಸ್ತಕ ಮುಂದೆ ಕಲಿಸುತ್ತದೆ.

ಕೋಶಕ್ಕೂ ಗೂಡಿಗೂ ಇರುವ ವ್ಯತ್ಯಾಸ ಮಾತ್ರ ಈಗಲೇ ಹೇಳಿಕೊಡಿ. ಎಷ್ಟೋ ಚಿತ್ರದ ಪುಸ್ತಕಗಳೂ ಇಲ್ಲಿ ಎಡವುತ್ತವೆ. ರೇಷ್ಮೆ ಹುಳು ತನ್ನ ಸುತ್ತ ನೂಲು ಸುತ್ತಿಕೊಳ್ಳುತ್ತದಲ್ಲ, ಅದು ಗೂಡು. ರೇಷ್ಮೆ ಹುಳು ಪತಂಗದ ಜಾತಿ. ಚಿಟ್ಟೆ ಹುಳು ಸಾಮಾನ್ಯವಾಗಿ ಅಂಥ ಗೂಡು ಕಟ್ಟುವುದಿಲ್ಲ. ಅದು ಕೊನೆಯ ಸಲ ಪೊರೆ ಕಳಚಿದಾಗ ಒಳಗಿನಿಂದ ಕಾಣುವ ಹೊಸ ಮೈಯೇ ಕೋಶ. ಅಂದರೆ ಹುಳು ಕೋಶದ ಒಳಗೆ ಹೋಗುವುದಿಲ್ಲ, ಹುಳುವೇ ಕೋಶ ಆಗುತ್ತದೆ. ಈ ಒಂದು ವಾಕ್ಯ ಮಕ್ಕಳಿಗೆ ಹೇಳಿ ನೋಡಿ. ಕಣ್ಣು ಅಗಲಿಸುತ್ತಾರೆ.

ಮೊಟ್ಟೆ, ಹುಳು ಎಲ್ಲಿ ಸಿಗುತ್ತವೆ?

ಪ್ರತಿ ಜಾತಿಯ ಚಿಟ್ಟೆಯೂ ಕೆಲವೇ ಜಾತಿಯ ಗಿಡಗಳ ಮೇಲೆ ಮೊಟ್ಟೆ ಇಡುತ್ತದೆ. ಹಾಗಾಗಿ ಚಿಟ್ಟೆಯ ಹಿಂದೆ ಓಡಬೇಡಿ, ಗಿಡ ಹುಡುಕಿ. ನಿಂಬೆ ಜಾತಿಯ ಗಿಡ ಮತ್ತು ಕರಿಬೇವು ಸುಲಭ. ಕೋಸು, ಸಾಸಿವೆ ಗಿಡಗಳಲ್ಲಿ ಬಿಳಿ ಚಿಟ್ಟೆಯ ಹಸಿರು ಹುಳು ಸಿಗುತ್ತದೆ. ಎಕ್ಕದ ಗಿಡದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಸೊಗಸಾದ ಹುಳು ಇರುತ್ತದೆ. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಆ ಎಲೆಯನ್ನು ದೊಡ್ಡವರೇ ಕೀಳಬೇಕು, ಕೈ ತೊಳೆದುಕೊಳ್ಳಬೇಕು.

ನಿಂಬೆ ಗಿಡದ ಮೊಟ್ಟೆ ಗುಂಡುಸೂಜಿಯ ತಲೆಗಿಂತ ಚಿಕ್ಕದು. ತಿಳಿ ಹಳದಿ ಮುತ್ತಿನ ಹಾಗೆ, ಒಂದೊಂದೇ, ಹೆಚ್ಚಾಗಿ ಎಳೆ ಚಿಗುರಿನ ಮೇಲೆ. ತಾಯಿ ಚಿಟ್ಟೆ ಮೊಟ್ಟೆ ಇಡುವ ಮೊದಲು ಎಲೆಯನ್ನು ಮುಂಗಾಲಿನಿಂದ ಪಟಪಟ ತಟ್ಟಿ ನೋಡುತ್ತದೆ. ಚಿಟ್ಟೆಗೆ ರುಚಿ ಗೊತ್ತಾಗುವುದು ಕಾಲಿನಿಂದಲೂ ಹೌದು. ಸರಿಯಾದ ಗಿಡವೇ ಅಂತ ಹಾಗೆ ಖಾತ್ರಿ ಮಾಡಿಕೊಳ್ಳುತ್ತದೆ. ಮಕ್ಕಳು ಇದನ್ನು ಕೇಳಿದ ಮೇಲೆ ತಮ್ಮ ಚಪ್ಪಲಿ ಬಿಚ್ಚಿ ಹುಲ್ಲಿನ ಮೇಲೆ ನಿಂತು ರುಚಿ ನೋಡುತ್ತಾರೆ. ನೋಡಲಿ ಬಿಡಿ.

ಹುಳು ಹುಡುಕುವಾಗ ಒಂದು ಮಾತು ನೆನಪಿರಲಿ. ನಿಂಬೆ ಗಿಡದ ಹುಳು ಚಿಕ್ಕದಿದ್ದಾಗ ಥೇಟ್ ಹಕ್ಕಿ ಹಿಕ್ಕೆಯ ಹಾಗೆ ಕಾಣುತ್ತದೆ. ಕಂದು ಮೈ, ನಡುವೆ ಬಿಳಿ ಮಚ್ಚೆ. ಹಕ್ಕಿಗಳು ತಿನ್ನದೆ ಬಿಡಲಿ ಅಂತ ಈ ವೇಷ. ಕೊನೆಯ ಸಲ ದೊಡ್ಡದಾದಾಗ ಹಸಿರಾಗಿ ಎಲೆಯ ಜೊತೆ ಸೇರಿಹೋಗುತ್ತದೆ.

ಮನೆಯಲ್ಲೋ ತರಗತಿಯಲ್ಲೋ ಸಾಕುವುದು ಹೇಗೆ?

ಸುಲಭ. ಆದರೆ ದಿನಾ ಗಮನ ಬೇಕು. ಗಾಳಿಯಾಡುವ ಒಂದು ದೊಡ್ಡ ಡಬ್ಬ ಅಥವಾ ರಟ್ಟಿನ ಪೆಟ್ಟಿಗೆ, ಬಾಯಿಗೆ ತೆಳು ಬಟ್ಟೆಯೋ ಸೊಳ್ಳೆ ಪರದೆಯ ತುಂಡೋ ಕಟ್ಟಿ. ತಳಕ್ಕೆ ಕಾಗದ ಹಾಸಿ. ಒಂದೆರಡು ಹುಳು ಸಾಕು. ಜಾಸ್ತಿ ಇಟ್ಟರೆ ಗಲೀಜಾಗುತ್ತದೆ, ರೋಗ ಬರುತ್ತದೆ. ಒಳಗೆ ಒಂದು ಕಡ್ಡಿಯನ್ನು ಓರೆಯಾಗಿ ನಿಲ್ಲಿಸಿ, ಕೋಶ ಆಗುವಾಗ ಹಿಡಿದುಕೊಳ್ಳಲು ಬೇಕು. ಬಿಸಿಲು ನೇರವಾಗಿ ಬೀಳುವ ಕಡೆ ಇಡಬೇಡಿ. ಮುಚ್ಚಿದ ಡಬ್ಬ ಒಳಗೇ ಬೆಂದುಹೋಗುತ್ತದೆ.

ಯಾವ ಗಿಡದ ಮೇಲೆ ಸಿಕ್ಕಿತೋ ಅದೇ ಗಿಡದ ಎಲೆಯನ್ನೇ ಕೊಡಿ. ಬೇರೆ ಎಲೆ ಹಾಕಿದರೆ ಹಸಿದು ಸಾಯುತ್ತದೆಯೇ ಹೊರತು ಹೆಚ್ಚಿನ ಹುಳುಗಳು ಮುಟ್ಟುವುದಿಲ್ಲ. ಕೊಂಡು ತಂದ ಸೊಪ್ಪು ಬೇಡ, ಅದಕ್ಕೆ ಕೀಟನಾಶಕ ಹೊಡೆದಿರಬಹುದು. ಹುಳು ಸಿಗುವ ಮೊದಲೇ "ಇದಕ್ಕೆ ಎರಡು ವಾರಕ್ಕೆ ಆಗುವಷ್ಟು ಎಲೆ ಗಿಡದಲ್ಲಿ ಇದೆಯಾ?" ಅಂತ ನೋಡಿಕೊಳ್ಳಿ. ಕೊನೆಯ ನಾಲ್ಕೈದು ದಿನ ಅದು ತಿನ್ನುವುದನ್ನು ನೋಡಿದರೆ ಗಾಬರಿಯಾಗುತ್ತದೆ. ಮೊನಾರ್ಕ್ ಅನ್ನುವ ಚಿಟ್ಟೆಯ ಹುಳು ಸುಮಾರು ಎರಡು ವಾರದಲ್ಲಿ ಹುಟ್ಟಿದಾಗಿನ ತೂಕದ 2000 ಪಟ್ಟು ಆಗುತ್ತದೆ.

ತಳದ ಕಾಗದ ದಿನಾ ಬದಲಾಯಿಸಿ. ಎಸೆಯುವ ಮೊದಲು ಹಿಕ್ಕೆಯನ್ನು ಮಕ್ಕಳಿಗೆ ತೋರಿಸಿ. ಮೊದಲ ದಿನ ಧೂಳಿನ ಹಾಗೆ. ನಾಲ್ಕೈದು ದಿನಕ್ಕೆ ಸಾಸಿವೆಯಷ್ಟು. ಕೊನೆಗೆ ಮೆಣಸಿನ ಕಾಳಿನಷ್ಟು. ಒಂದೊಂದನ್ನು ಕಾಗದಕ್ಕೆ ಅಂಟಿಸಿ ಕೆಳಗೆ ತಾರೀಕು ಬರೆದರೆ ಹುಳು ಬೆಳೆದ ಲೆಕ್ಕ ಅಲ್ಲೇ ಸಿಗುತ್ತದೆ. ಹುಳುವಿನ ಪಕ್ಕ ಸ್ಕೇಲ್ ಹಿಡಿದು ಅಳೆಯುವುದಕ್ಕಿಂತ ಇದು ಎಷ್ಟೋ ವಾಸಿ. ಹುಳು ಸ್ಕೇಲಿನ ಪಕ್ಕ ನಿಲ್ಲುವುದೂ ಇಲ್ಲ.

ಕುಡಿಯಲು ನೀರು ಇಡಬೇಕಾ?

ಬೇಡ. ಎಲೆಯಲ್ಲಿರುವ ನೀರೇ ಸಾಕು. ಬಟ್ಟಲಲ್ಲಿ ನೀರಿಟ್ಟರೆ ಬಿದ್ದು ಮುಳುಗುತ್ತದೆ. ಎಲೆ ಬಾಡದಿರಲಿ ಅಂತ ರೆಂಬೆಯನ್ನು ನೀರಿನ ಸೀಸೆಯಲ್ಲಿ ಇಟ್ಟರೆ ಸೀಸೆಯ ಬಾಯಿಗೆ ಹತ್ತಿ ತುರುಕಿ.

ಮಕ್ಕಳು ಹುಳುವನ್ನು ಮುಟ್ಟಬಹುದಾ?

ರೋಮ ಇರುವ, ಮುಳ್ಳು ಇರುವ ಹುಳುವನ್ನು ಯಾರೂ ಮುಟ್ಟಬಾರದು. ಕೆಲವು ಜಾತಿಗಳ ರೋಮ ತಾಕಿದರೆ ಉರಿ, ತುರಿಕೆ, ದದ್ದು ಬರುತ್ತದೆ. ಮಕ್ಕಳಿಗೆ ಒಂದೇ ಮಾತಿನ ನಿಯಮ ಸಾಕು: ಕಂಬಳಿ ಹೊದ್ದಿದ್ದರೆ ಕಣ್ಣಲ್ಲಿ ಮಾತ್ರ ನೋಡು.

ನುಣುಪು ಹುಳುವನ್ನೂ ಎಳೆಯಬಾರದು. ಅದು ಹೊಟ್ಟೆಯ ಕೆಳಗಿನ ಕಾಲುಗಳಿಂದ ಎಲೆಯನ್ನು ಬಿಗಿಯಾಗಿ ಕಚ್ಚಿ ಹಿಡಿದಿರುತ್ತದೆ. ಎಳೆದರೆ ಕಾಲಿಗೆ ಪೆಟ್ಟು. ಹುಳುವಿರುವ ಎಲೆಯನ್ನೇ ಎತ್ತಿಡಿ, ಇಲ್ಲದಿದ್ದರೆ ಮೆತ್ತನೆಯ ಬ್ರಷ್ ಮೇಲೆ ತಾನಾಗಿ ಹತ್ತಲು ಬಿಡಿ. ಬೆರಳ ಮೇಲೆ ಹತ್ತಿಸಿಕೊಳ್ಳಲೇಬೇಕು ಅಂದರೆ ಮೊದಲು ಕೈ ತೊಳೆದಿರಬೇಕು, ಸ್ಯಾನಿಟೈಸರ್, ಸೊಳ್ಳೆ ಮುಲಾಮು ಹಚ್ಚಿರಬಾರದು. ಆಮೇಲೂ ತೊಳೆಯಬೇಕು.

ನಿಂಬೆ ಗಿಡದ ಹುಳುವಿಗೆ ಸಿಟ್ಟು ಬಂದರೆ ಏನು ಮಾಡುತ್ತದೆ ಗೊತ್ತಾ? ತಲೆಯ ಹಿಂದಿನಿಂದ ಕೆಂಪು ಬಣ್ಣದ ಕವಲು ಕೋಡನ್ನು ಪಟ್ಟನೆ ಹೊರಗೆ ಚಾಚುತ್ತದೆ. ಜೊತೆಗೆ ಗಾಢ ವಾಸನೆ. ಇರುವೆಯಂಥ ಶತ್ರುಗಳನ್ನು ಓಡಿಸಲು ಅದರ ಹತ್ತಿರ ಇರುವ ಆಯುಧ ಅದು. ಒಮ್ಮೆ ನೋಡಿದ ಮಗು ಮತ್ತೆ ಮತ್ತೆ ಕೆಣಕಲು ಹೋಗುತ್ತದೆ. "ಅದಕ್ಕೆ ಹೆದರಿಕೆ ಆದಾಗ ಮಾತ್ರ ಕೋಡು ಬರೋದು" ಅಂತ ಹೇಳಿದರೆ ಸಾಕು, ಹೆಚ್ಚಿನ ಮಕ್ಕಳು ಕೈ ಹಿಂದೆ ತೆಗೆದುಕೊಳ್ಳುತ್ತಾರೆ.

ಹುಳುವಿಗೆ ಎಷ್ಟು ಕಾಲು? ಎಷ್ಟು ಕಣ್ಣು?

ಎಣಿಸಲು ಬಿಡಿ. ತಲೆಯ ಹತ್ತಿರ ಚೂಪಾದ ಆರು ಕಾಲು ನಿಜವಾದ ಕಾಲು. ಚಿಟ್ಟೆಗೂ ಆರೇ ಕಾಲು. ಹಿಂದೆ ಇರುವ ದಪ್ಪ ಮೆತ್ತನೆಯ ಹತ್ತು, ಹಿಡಿದುಕೊಳ್ಳಲು ಮಾತ್ರ ಇರುವ ಕಾಲು. ಅವು ಚಿಟ್ಟೆಗೆ ಇರುವುದಿಲ್ಲ. ಕಣ್ಣು ಸಾಮಾನ್ಯವಾಗಿ ಒಂದು ಕಡೆಗೆ ಆರು, ಒಟ್ಟು 12. ಇಷ್ಟಿದ್ದರೂ ಅದಕ್ಕೆ ಕಾಣುವುದು ಮಸುಕು ಮಸುಕು.

ಹುಳು ತಿನ್ನುವುದು ನಿಲ್ಲಿಸಿದೆ, ಅಲುಗಾಡುತ್ತಿಲ್ಲ. ಸತ್ತುಹೋಯಿತಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹೆಚ್ಚಿನ ಸಲ ಉತ್ತರ: ಇಲ್ಲ, ಮುಟ್ಟಬೇಡಿ, ಕಾಯಿರಿ.

ಹುಳುವಿನ ಚರ್ಮ ನಮ್ಮ ಚರ್ಮದ ಹಾಗೆ ಮೈ ಜೊತೆ ಬೆಳೆಯುವುದಿಲ್ಲ. ಬಿಗಿಯಾದಾಗ ಅದನ್ನು ಕಳಚಬೇಕು. ಸಾಮಾನ್ಯವಾಗಿ ನಾಲ್ಕೈದು ಸಲ ಹೀಗೆ ಪೊರೆ ಬಿಡುತ್ತದೆ. ಪ್ರತಿ ಸಲವೂ ಕಳಚುವ ಮೊದಲು ಒಂದು ದಿನದಷ್ಟು ಊಟ ಬಿಟ್ಟು ಸುಮ್ನೆ ಕೂರುತ್ತದೆ. ರೇಷ್ಮೆ ಹುಳು ಸಾಕುವವರು ಇದನ್ನು ಜ್ವರ ಅನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ ಅಂತ ಲೆಕ್ಕ ಇಡುತ್ತಾರೆ. ಮಕ್ಕಳಿಗೆ ಈ ಪದ ಎಷ್ಟು ಬೇಗ ಅರ್ಥವಾಗುತ್ತದೆ ಅಂದರೆ, ತಾವೇ ಒಬ್ಬರಿಗೊಬ್ಬರು "ಶ್, ಅದಕ್ಕೆ ಜ್ವರ" ಅಂತ ಹೇಳಿಕೊಂಡು ಮೆಲ್ಲಗೆ ನಡೆಯುತ್ತಾರೆ. ಕಳಚಿದ ಪೊರೆಯನ್ನು ಎಷ್ಟೋ ಹುಳುಗಳು ತಿಂದುಬಿಡುತ್ತವೆ. ಆದರೆ ತಲೆಯ ಗಟ್ಟಿ ಚಿಪ್ಪು ಕೆಳಗೆ ಬಿದ್ದಿರುತ್ತದೆ. ಭೂತಗನ್ನಡಿ ಕೊಟ್ಟು ಹುಡುಕಲು ಹೇಳಿ.

ಕೊನೆಯ ಸಲ ಲಕ್ಷಣ ಬೇರೆ. ಹುಳು ಎಲೆ ಬಿಟ್ಟು ಡಬ್ಬದೊಳಗೆಲ್ಲ ಅಲೆಯುತ್ತದೆ. ನೀರು ನೀರಾದ ಹಿಕ್ಕೆ ಹಾಕಿ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ. ಮಕ್ಕಳು "ಅದಕ್ಕೆ ಭೇದಿ" ಅಂತ ಓಡಿ ಬರುತ್ತಾರೆ. ಹೆದರಬೇಡಿ, ಅದು ಜಾಗ ಹುಡುಕುತ್ತಿದೆ. ಕಡ್ಡಿ ಹಿಡಿದು ನೂಲಿನ ಚಿಕ್ಕ ಮೆತ್ತೆ ಮಾಡಿ ಹಿಂಬದಿಯನ್ನು ಅದಕ್ಕೆ ಸಿಕ್ಕಿಸಿಕೊಳ್ಳುತ್ತದೆ. ಎಕ್ಕದ ಹುಳು ತಲೆಕೆಳಗಾಗಿ ಕೊಕ್ಕೆಯ ಹಾಗೆ ಜೋತುಬೀಳುತ್ತದೆ. ನಿಂಬೆ ಹುಳು ನಡುವಿಗೆ ಒಂದು ನೂಲು ಕಟ್ಟಿಕೊಂಡು ಓರೆಯಾಗಿ ನಿಲ್ಲುತ್ತದೆ. ತೆಂಗಿನ ಮರ ಹತ್ತುವವರು ಸೊಂಟಕ್ಕೆ ಹಗ್ಗ ಹಾಕಿಕೊಳ್ಳುವ ಹಾಗೆ. ಆಮೇಲೆ ಡಬ್ಬ ಅಲುಗಾಡಿಸಬೇಡಿ.

ಕೋಶದೊಳಗೆ ಏನು ನಡೆಯುತ್ತದೆ? ಹುಳುವಿಗೆ ರೆಕ್ಕೆ ಮೊಳೆಯುತ್ತದಾ?

ಪುಟ್ಟ ಮಕ್ಕಳಿಗೆ "ಹುಳು ಒಳಗೆ ಮಲಗಿದೆ, ಎದ್ದಾಗ ರೆಕ್ಕೆ ಬಂದಿರುತ್ತದೆ" ಅಂತ ಹೇಳುವ ಅಭ್ಯಾಸ ಇದೆ. ದಯವಿಟ್ಟು ಹಾಗೆ ಹೇಳಬೇಡಿ. ನಿಜ ಅದಕ್ಕಿಂತ ನೂರು ಪಾಲು ಸೋಜಿಗದ್ದು.

ಒಳಗೆ ನಿದ್ದೆ ಇಲ್ಲ, ಭಾರೀ ಕೆಲಸ ನಡೆಯುತ್ತಿದೆ. ಹುಳುವಿನ ಮೈಯ ಬಹುಪಾಲು ಕರಗುತ್ತದೆ. ಎಲೆ ಅಗಿಯುವ ದವಡೆ ಇನ್ನು ಬೇಡ, ಹತ್ತು ಮೆತ್ತನೆ ಕಾಲು ಬೇಡ. ರೆಕ್ಕೆ, ಉದ್ದ ಕಾಲು, ಮೀಸೆ, ದೊಡ್ಡ ಕಣ್ಣು ಇವೆಲ್ಲ ಆಗುವ ಕಣಗಳ ಚಿಕ್ಕ ಚಿಕ್ಕ ಗುಂಪುಗಳು ಹುಳುವಿನ ಮೈಯಲ್ಲೇ ಮೊದಲಿನಿಂದ ಕಾದು ಕೂತಿರುತ್ತವೆ. ಕೋಶದಲ್ಲಿ ಅವು ಎದ್ದು ಬೆಳೆಯುತ್ತವೆ. ಹಾಗಂತ ಎಲ್ಲವೂ ಕರಗಿ ಗಂಜಿಯಾಗುತ್ತದೆ ಅನ್ನುವುದೂ ಸರಿಯಲ್ಲ. 2013ರಲ್ಲಿ ವಿಜ್ಞಾನಿಗಳು ಪೇಂಟೆಡ್ ಲೇಡಿ ಚಿಟ್ಟೆಯ ಜೀವಂತ ಕೋಶಗಳನ್ನು ಎಕ್ಸ್‌ರೇ ಸ್ಕ್ಯಾನ್ ಮಾಡಿ ದಿನದಿನದ ಬದಲಾವಣೆ ನೋಡಿದರು. ಉಸಿರಾಟದ ಕೊಳವೆಗಳು ಶುರುವಿನಿಂದಲೇ ಅಚ್ಚುಕಟ್ಟಾಗಿ ಇದ್ದವು.

ಐದು ವರ್ಷದ ಮಗುವಿಗೆ ನಾನು ಹೇಳುವುದು ಹೀಗೆ: "ಮಣ್ಣಿನ ಆನೆ ಮಾಡಿದ್ದೀಯಲ್ಲ, ಅದನ್ನ ಮುದ್ದೆ ಮಾಡಿ ಅದೇ ಮಣ್ಣಲ್ಲಿ ಹಕ್ಕಿ ಮಾಡು. ಹುಳು ಹಾಗೆ ಮಾಡ್ತಾ ಇದೆ. ಆದರೆ ಅದರ ಮಣ್ಣು ಜೀವಂತ ಇದೆ, ಉಸಿರಾಡ್ತಾ ಇದೆ." ಆಮೇಲೆ ಜೇಡಿಮಣ್ಣು ಕೊಟ್ಟುಬಿಡುತ್ತೇನೆ.

ಕೋಶಕ್ಕೆ ಏನಾದರೂ ತಾಗಿದರೆ ಕೆಲವೊಮ್ಮೆ ತಟ್ಟನೆ ಅಲುಗುತ್ತದೆ. "ಮಲಗಿಲ್ಲ!" ಅಂತ ಮಕ್ಕಳೇ ಕೂಗುತ್ತಾರೆ.

ಒಟ್ಟು ಎಷ್ಟು ದಿನ ಬೇಕು?

ಜಾತಿ ಮತ್ತು ಹವೆಯ ಮೇಲೆ ಹೋಗುತ್ತದೆ. ಬೆಚ್ಚಗಿನ ದಿನಗಳಲ್ಲಿ ನಿಂಬೆ ಗಿಡದ ಚಿಟ್ಟೆಗೆ ಮೊಟ್ಟೆ ಒಡೆಯಲು ಮೂರರಿಂದ ಐದು ದಿನ, ಹುಳುವಾಗಿ ಎರಡು ಮೂರು ವಾರ, ಕೋಶವಾಗಿ ಒಂದೆರಡು ವಾರ. ಚಳಿಯಲ್ಲಿ ಎಲ್ಲವೂ ನಿಧಾನ. ಕೆಲವು ಜಾತಿಗಳು ಕೋಶದಲ್ಲೇ ತಿಂಗಳುಗಟ್ಟಲೆ ಕಾಯುತ್ತವೆ. ಹಾಗಾಗಿ "ಈ ಶುಕ್ರವಾರ ಚಿಟ್ಟೆ ಬರುತ್ತದೆ" ಅಂತ ಮಕ್ಕಳಿಗೆ ಮಾತು ಕೊಡಬೇಡಿ.

ಚಿಟ್ಟೆ ಹೊರಬರುವುದನ್ನು ನೋಡಲು ಆಗುತ್ತದಾ?

ಸ್ವಲ್ಪ ಅದೃಷ್ಟ ಬೇಕು, ಸ್ವಲ್ಪ ಲಕ್ಷ್ಯ ಬೇಕು. ಹಿಂದಿನ ದಿನ ಕೋಶ ಕಪ್ಪಾಗುತ್ತದೆ. ಹತ್ತಿರದಿಂದ ನೋಡಿದರೆ ಒಳಗೆ ಮಡಚಿಟ್ಟ ರೆಕ್ಕೆಯ ಬಣ್ಣ ಕಾಣುತ್ತದೆ. ಕಪ್ಪಾದದ್ದನ್ನು ನೋಡಿ ಕೊಳೆತಿದೆ ಅಂತ ಎಸೆದವರು ಇದ್ದಾರೆ. ಎಸೆಯಬೇಡಿ. ಹೆಚ್ಚಾಗಿ ಬೆಳಗಿನ ಹೊತ್ತು ಹೊರಬರುತ್ತದೆ.

ಒಂದು ಬೆಳಿಗ್ಗೆ ನಾನೂ ಆರು ಮಕ್ಕಳೂ ನೆಲದ ಮೇಲೆ ಬೋರಲಾಗಿ ಮಲಗಿ ನೋಡಿದ್ದು ಹೇಳುತ್ತೇನೆ. ಮೊದಲು ಕೋಶದ ತಲೆಯ ಕಡೆ ಒಂದು ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಎರಡು ಕಾಲು. ಆಮೇಲೆ ಒಂದೇ ಸಲಕ್ಕೆ ಇಡೀ ಮೈ ಜಾರಿ ಹೊರಗೆ ಬಂತು. ಹೊಟ್ಟೆ ದಪ್ಪ, ರೆಕ್ಕೆ ಒದ್ದೆ ಕರವಸ್ತ್ರ ಹಿಂಡಿ ಇಟ್ಟ ಹಾಗೆ ಮುದುರಿ ಮುದ್ದೆಯಾಗಿತ್ತು. "ಇದು ಹಾಳಾಗಿದೆ" ಅಂದ ಒಬ್ಬ ಹುಡುಗ, ಅಳುವ ದನಿಯಲ್ಲಿ. ಯಾರೂ ಉತ್ತರಿಸಲಿಲ್ಲ. ಚಿಟ್ಟೆ ಖಾಲಿ ಸಿಪ್ಪೆಯನ್ನು ಹಿಡಿದು ನೇತಾಡುತ್ತಾ ಹೊಟ್ಟೆಯನ್ನು ಮೆಲ್ಲಗೆ ಹಿಂಡುತ್ತಿತ್ತು. ಹೊಟ್ಟೆಯಲ್ಲಿರುವ ದ್ರವ ರೆಕ್ಕೆಯ ನರಗಳಿಗೆ ಹೋಗುತ್ತದೆ, ರೆಕ್ಕೆ ಬಿಡಿಸಿಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಸುಕ್ಕು ಒಂದೂ ಉಳಿಯಲಿಲ್ಲ. ಬಾಯಿಯ ನಳಿಕೆ ಎರಡು ಎಳೆಯಾಗಿ ಇತ್ತು. ಅದನ್ನು ಸುರುಳಿ ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ, ಎರಡನ್ನೂ ಒಂದು ಮಾಡಿಕೊಂಡಿತು. ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಉಸಿರು ಬಿಗಿಹಿಡಿದೇ ನೋಡುತ್ತೇನೆ.

ಕೆಳಗೆ ಕೆಂಪು ಹನಿ ಬಿದ್ದಿದೆ. ರಕ್ತವಾ?

ಅಲ್ಲ. ಕೋಶದಲ್ಲಿದ್ದಾಗ ಸೇರಿದ ಕಸ. ಚಿಟ್ಟೆ ಹೊರಬಂದ ಮೇಲೆ ಅದನ್ನು ಹೊರಹಾಕುತ್ತದೆ. ಕೆಲವಕ್ಕೆ ಕೆಂಪು, ಕೆಲವಕ್ಕೆ ಕಂದು. ಇದನ್ನು ಮಕ್ಕಳಿಗೆ ಮೊದಲೇ ಹೇಳಿಡಿ.

ಹೊರಬರಲು ಕಷ್ಟಪಡುತ್ತಿದೆ. ಸಹಾಯ ಮಾಡಲಾ?

ಬೇಡ. ಮೊದಮೊದಲು ನಾನೇ ಒಮ್ಮೆ ತಡೆಯಲಾರದೆ ಉಗುರಿನಿಂದ ಸಿಪ್ಪೆ ಬಿಡಿಸಿದ್ದೆ. ಆ ಚಿಟ್ಟೆಯ ಎಡ ರೆಕ್ಕೆ ಕೊನೆಗೂ ಬಿಡಿಸಿಕೊಳ್ಳಲಿಲ್ಲ. ಈಗಲೂ ನೆನೆದರೆ ಸಂಕಟವಾಗುತ್ತದೆ. ಆ ಹೊತ್ತಿನಲ್ಲಿ ಅದರ ಮೈ, ರೆಕ್ಕೆ ಎಲ್ಲವೂ ಒದ್ದೆ ಕಾಗದದಷ್ಟು ಮೆತ್ತಗೆ. ನಮ್ಮ ಬೆರಳು ಎಷ್ಟು ಮೆಲ್ಲಗೆ ತಾಗಿದರೂ ಜಾಸ್ತಿಯೇ. ಮಕ್ಕಳಿಗೂ ಈ ಕಾರಣವನ್ನೇ ಹೇಳಿ. "ಕಷ್ಟಪಟ್ಟರೆ ಮಾತ್ರ ಫಲ" ಅನ್ನುವ ನೀತಿಪಾಠವನ್ನು ಇದಕ್ಕೆ ಅಂಟಿಸಬೇಡಿ. ಅವರು ನೋಡುತ್ತಿರುವುದು ಚಿಟ್ಟೆಯನ್ನು.

ಹೊರಬರುವ ಜಾಗದಲ್ಲಿ ಕೆಳಗೆ ನೇತಾಡಲು ಜಾಗ ಇದೆಯಾ ಅಂತ ಮಾತ್ರ ನೋಡಿ. ಕೆಳಗೆ ಬಿದ್ದರೆ ಒಂದು ಕಡ್ಡಿ ಮುಂದೆ ಹಿಡಿಯಿರಿ, ತಾನಾಗಿ ಹತ್ತಿಕೊಳ್ಳುತ್ತದೆ. ಅಷ್ಟು ಸಹಾಯ ಸರಿ.

ಚಿಟ್ಟೆಯನ್ನು ಇಟ್ಟುಕೊಳ್ಳಬಹುದಾ?

ರೆಕ್ಕೆ ಒಣಗಿ ಗಟ್ಟಿಯಾಗಲು ಕೆಲವು ಗಂಟೆ ಬೇಕು. ಆಮೇಲೆ ಬಿಟ್ಟುಬಿಡಿ. ಹಗಲು, ಮಳೆ ಇಲ್ಲದ ಹೊತ್ತು, ಹುಳು ಸಿಕ್ಕಿದ ಜಾಗದ ಹತ್ತಿರವೇ. ಹೆಚ್ಚಿನ ಚಿಟ್ಟೆಗಳು ಬದುಕುವುದು ಎರಡರಿಂದ ನಾಲ್ಕು ವಾರ. ಆ ದಿನಗಳನ್ನು ಡಬ್ಬದಲ್ಲಿ ಕಳೆಯುವುದು ಬೇಡ. ಮಗು ಅತ್ತರೆ ಅಳಲಿ. ಹುಳು ಸಿಕ್ಕ ದಿನದಿಂದಲೇ "ಇದು ನಮ್ಮ ಅತಿಥಿ" ಅಂತ ಹೇಳುತ್ತಾ ಬಂದಿದ್ದರೆ ಅಳು ಕಡಿಮೆ.

ನಮ್ಮ ಹುಳು ಸತ್ತುಹೋಯಿತು. ಮಗುವಿಗೆ ಏನು ಹೇಳಲಿ?

ಸತ್ತುಹೋಯಿತು ಅಂತಲೇ ಹೇಳಿ. ಮಗು ನೋಡದ ಹೊತ್ತಲ್ಲಿ ಬೇರೆ ಹುಳು ತಂದಿಡುವುದು ಬೇಡ. ಮಕ್ಕಳಿಗೆ ಗೊತ್ತಾಗುತ್ತದೆ, ಆಮೇಲೆ ನಿಮ್ಮ ಮಾತು ನಂಬುವುದಿಲ್ಲ. ಹೊರಗೆ ಗಿಡದ ಮೇಲೂ ಹೆಚ್ಚಿನ ಮೊಟ್ಟೆಗಳು ಚಿಟ್ಟೆ ಆಗುವವರೆಗೆ ಉಳಿಯುವುದಿಲ್ಲ. ಹಕ್ಕಿ, ಜೇಡ, ಇರುವೆ ತಿನ್ನುತ್ತವೆ, ರೋಗ ಬರುತ್ತದೆ. ಚಿಟ್ಟೆ ಅಷ್ಟೊಂದು ಮೊಟ್ಟೆ ಇಡುವುದು ಅದಕ್ಕೇ.

ಕೆಲವು ಸಲ ಕೋಶದಿಂದ ಚಿಟ್ಟೆಯ ಬದಲು ಚಿಕ್ಕ ಕಣಜವೋ ನೊಣವೋ ಬರುತ್ತದೆ. ಹೆಚ್ಚಾಗಿ ಹುಳುವಾಗಿದ್ದಾಗಲೇ ಅದರ ಮೈಮೇಲೋ ಮೈಯೊಳಗೋ ಅವು ಮೊಟ್ಟೆ ಇಟ್ಟಿರುತ್ತವೆ. ಏಳೆಂಟು ವರ್ಷದ ಮಕ್ಕಳಿಗೆ ಇದನ್ನು ಹಾಗೇ ಹೇಳಬಹುದು. "ಕಣಜದ ಮರಿಗೂ ಊಟ ಬೇಕಿತ್ತು" ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ, ಆಮೇಲೆ ಕಣಜವನ್ನು ಭೂತಗನ್ನಡಿಯಲ್ಲಿ ನೋಡಬೇಕು ಅಂತಾರೆ.

ಚಕ್ರದ ಚಿತ್ರ ಬರೆಸುವುದು ಸರಿಯಾ?

ಸರಿ, ಆದರೆ ಒಂದು ಎಚ್ಚರ ಬೇಕು. ಚಿಟ್ಟೆಯಿಂದ ಮೊಟ್ಟೆಗೆ ಬಾಣ ಎಳೆದಾಗ ಎಷ್ಟೋ ಮಕ್ಕಳು ಚಿಟ್ಟೆಯೇ ಮುದುಡಿ ಮತ್ತೆ ಮೊಟ್ಟೆ ಆಗುತ್ತದೆ ಅಂದುಕೊಳ್ಳುತ್ತಾರೆ. ಅವರ ತಪ್ಪಲ್ಲ. ಹುಳು ಕೋಶ ಆಗುವ ಬಾಣವೂ ಹಾಗೇ ಇದೆಯಲ್ಲ! ನಾನು ಕೊನೆಯ ಬಾಣವನ್ನು ಬೇರೆ ಬಣ್ಣದಲ್ಲಿ ಬರೆಸುತ್ತೇನೆ. ಒಂದರ ಬದಲು ತುಂಬಾ ಮೊಟ್ಟೆ ಬರೆಸುತ್ತೇನೆ. "ಈ ಬಾಣ ಆಗುವುದು ಅಲ್ಲ, ಇಡುವುದು. ಇಲ್ಲಿಂದ ಮುಂದೆ ಮಕ್ಕಳ ಕಥೆ" ಅಂತ ಹೇಳುತ್ತೇನೆ.

ಚಿಕ್ಕ ಚಿಟ್ಟೆ ಮರಿಯಾ? ದೊಡ್ಡದಾಗುತ್ತದಾ?

ಇಲ್ಲ. ಬೆಳೆಯುವುದೆಲ್ಲ ಹುಳುವಾಗಿದ್ದಾಗಲೇ. ಚಿಕ್ಕ ಚಿಟ್ಟೆ ಅಂದರೆ ಚಿಕ್ಕ ಜಾತಿಯ ಚಿಟ್ಟೆ, ಅಥವಾ ಹುಳುವಾಗಿದ್ದಾಗ ಊಟ ಕಡಿಮೆ ಸಿಕ್ಕ ಚಿಟ್ಟೆ.

ಚಿಟ್ಟೆಗೆ ತಾನು ಹುಳುವಾಗಿದ್ದು ನೆನಪಿರುತ್ತದಾ?

ಇದು ಮಕ್ಕಳ ಪ್ರಶ್ನೆ. ದೊಡ್ಡವರು ಯಾರೂ ಇದನ್ನು ನನ್ನ ಹತ್ತಿರ ಕೇಳಿಲ್ಲ. 2008ರಲ್ಲಿ ವಿಜ್ಞಾನಿಗಳು ಚಿಟ್ಟೆಯ ನೆಂಟನಾದ ಒಂದು ಪತಂಗದ ಮೇಲೆ ಇದನ್ನು ಪರೀಕ್ಷೆ ಮಾಡಿದರು. ಹುಳುಗಳಿಗೆ ಒಂದು ವಾಸನೆ ತೋರಿಸಿ, ಜೊತೆಗೆ ಸಣ್ಣ ಶಾಕ್ ಕೊಟ್ಟು, ಆ ವಾಸನೆಯಿಂದ ದೂರ ಹೋಗುವುದನ್ನು ಕಲಿಸಿದರು. ಸಾಕಷ್ಟು ದೊಡ್ಡದಾದ ಮೇಲೆ ಕಲಿತಿದ್ದ ಹುಳುಗಳು ಪತಂಗವಾದ ಮೇಲೂ ಆ ವಾಸನೆಯಿಂದ ದೂರ ಹೋದವು. ಅಂದರೆ ಅಷ್ಟೆಲ್ಲ ಬದಲಾದರೂ ಒಂದು ಚೂರು ನೆನಪು ದಾಟಿ ಬರಬಲ್ಲದು. ಶಾಕ್ ವಿಷಯ ಬಿಟ್ಟು ಉಳಿದದ್ದನ್ನು ಪುಟ್ಟವರಿಗೂ ಹೇಳಬಹುದು.

ಅಮ್ಮ ಚಿಟ್ಟೆ ವಾಪಸ್ ಬರುತ್ತದಾ?

ಇಲ್ಲ. ಮೊಟ್ಟೆಯಿಟ್ಟು ಹೋದ ಮೇಲೆ ಮರಿಯನ್ನು ನೋಡುವುದಿಲ್ಲ. ಇದನ್ನು ಕೇಳಿ ಬೇಜಾರಾಗುವ ಮಗುವಿಗೆ ಹೇಳಿ, ಅಮ್ಮ ಸರಿಯಾದ ಎಲೆ ಹುಡುಕಿ ಅದರ ಮೇಲೇ ಮೊಟ್ಟೆ ಇಟ್ಟಿದೆ, ಹುಟ್ಟಿದ ಕೂಡಲೇ ಊಟ ಅಲ್ಲೇ ಇದೆ ಅಂತ. ಎಷ್ಟೋ ಹುಳುಗಳಿಗೆ ಮೊದಲ ಊಟ ತಮ್ಮ ಮೊಟ್ಟೆಯ ಸಿಪ್ಪೆಯೇ.

ಇದನ್ನೆಲ್ಲ ಹಿಂದಿನ ಕಾಲದಲ್ಲಿ ಹೀಗೆ ಕೂತು ನೋಡಿದವರು ಯಾರು?

ಮಾರಿಯಾ ಸಿಬಿಲ್ಲಾ ಮೇರಿಯನ್ ಬಗ್ಗೆ ಹೇಳಿ. 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದವರು. ಕೀಟಗಳು ಕೆಸರಿನಿಂದ, ಕೊಳೆತದ್ದರಿಂದ ತಾವಾಗಿ ಹುಟ್ಟುತ್ತವೆ ಅಂತ ಎಷ್ಟೋ ಜನ ನಂಬಿದ್ದ ಕಾಲ ಅದು. ಅವರು 13 ವರ್ಷದ ಹುಡುಗಿಯಾಗಿದ್ದಾಗಲೇ ರೇಷ್ಮೆ ಹುಳು ಸಾಕಿ ನೋಡಲು ಶುರು ಮಾಡಿದರು. ಹುಳು, ಕೋಶ, ಚಿಟ್ಟೆ ಮತ್ತು ಹುಳು ತಿನ್ನುವ ಗಿಡ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬಣ್ಣದಲ್ಲಿ ಬರೆದರು. 1699ರಲ್ಲಿ, 52ನೇ ವಯಸ್ಸಿನಲ್ಲಿ, ಮಗಳ ಜೊತೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದರು, ಅಲ್ಲಿನ ಹುಳುಗಳನ್ನು ನೋಡಲಿಕ್ಕೆ. ಹುಳು ಸಾಕುತ್ತಿದ್ದ ಒಬ್ಬ ಹುಡುಗಿಯ ಕಥೆ ಅಂದರೆ ಮಕ್ಕಳು ಕಿವಿಗೊಡುತ್ತಾರೆ.

ಚಿಟ್ಟೆಗೂ ಪತಂಗಕ್ಕೂ ಏನು ವ್ಯತ್ಯಾಸ?

ಮೀಸೆ ನೋಡಿ. ಚಿಟ್ಟೆಯ ಮೀಸೆಯ ತುದಿಯಲ್ಲಿ ಬೆಂಕಿಕಡ್ಡಿಯ ಹಾಗೆ ಉಂಡೆ ಇರುತ್ತದೆ. ಪತಂಗದ್ದು ಸಾಮಾನ್ಯವಾಗಿ ನೂಲಿನ ಹಾಗೆ ಅಥವಾ ಗರಿಯ ಹಾಗೆ.

ನನಗೇ ಹುಳು ಅಂದರೆ ಭಯ. ಏನು ಮಾಡಲಿ?

ಮುಚ್ಚಿಡಬೇಡಿ, ಕಿರುಚಲೂ ಬೇಡಿ. "ನನಗೆ ಸ್ವಲ್ಪ ಹೆದರಿಕೆ, ಅದಕ್ಕೆ ದೂರದಿಂದ ನೋಡ್ತೀನಿ" ಅಂತ ಮಗುವಿನ ಮುಂದೆಯೇ ಹೇಳಿ. ದಿನಾ ಎರಡು ನಿಮಿಷ ನೋಡಿ. ಹುಳು ಎಲೆಯ ಅಂಚನ್ನು ಮೇಲಿನಿಂದ ಕೆಳಗೆ ಸಾಲಾಗಿ ಕೊರೆಯುತ್ತಾ ಬರುವುದನ್ನು ನೋಡುತ್ತಾ ಕೂತರೆ ಹೆದರಿಕೆ ತಾನಾಗಿ ಸಡಿಲವಾಗುವುದನ್ನು ಕಂಡಿದ್ದೇನೆ.

ಮಕ್ಕಳು ಕಲಿತರು ಅಂತ ಗೊತ್ತಾಗುವುದು ಹೇಗೆ?

ಪ್ರಶ್ನೆ ಕೇಳಬೇಡಿ, ಹಾಳೆ ಕೊಡಿ. "ನಮ್ಮ ಹುಳುವಿನ ಕಥೆ ಬರಿ" ಅಂತ ಮಾತ್ರ ಹೇಳಿ. ನಾಲ್ಕು ಖಾನೆ ನೀವೇ ಎಳೆದು ಕೊಡಬೇಡಿ. ಒಬ್ಬ ಐದು ವರ್ಷದ ಹುಡುಗಿ ಹಾಳೆಯ ತುಂಬ ಖಾನೆ ಎಳೆದಿದ್ದಳು. ಮೊದಲನೆಯದರಲ್ಲಿ ತೂತು ಬಿದ್ದ ಎಲೆ. ಆಮೇಲೆ ಹುಳು, ಸಣ್ಣ ಹಿಕ್ಕೆ, ದೊಡ್ಡ ಹಿಕ್ಕೆ. ಆಮೇಲೆ ಹತ್ತು ಖಾನೆಗಳಲ್ಲಿ ಒಂದೇ ಕೋಶ, ಒಂದೇ ಕಡ್ಡಿ, ಒಂದೇ ಬಣ್ಣ. ಹತ್ತನೆಯದು ಮಾತ್ರ ಕಪ್ಪು. ಇಷ್ಟೊಂದು ಯಾಕೆ ಬರೆದೆ ಅಂತ ಕೇಳಿದೆ. ಬೆರಳಿಟ್ಟು ಒಂದೊಂದನ್ನೇ ತೋರಿಸಿದಳು. "ಇದು ಸೋಮವಾರ ನೋಡಿದ್ದು, ಇದು ಮಂಗಳವಾರ ನೋಡಿದ್ದು."